ನಿಂಬೆ ಬೆಣ್ಣೆ ಕೋಳಿಗೆ ವೈನ್ ಬೇಡ, ಒಳ್ಳೆ ಸ್ಟೀಲ್ ಪ್ಯಾನ್ ಬೇಕು

ಟ್ರೈಪ್ಲೈ ಸ್ಟೀಲ್ ಫ್ರೈಯಿಂಗ್ ಪ್ಯಾನ್. ಅಗಲ 26 ಸೆಂಟಿಮೀಟರ್, ಉದ್ದ ಹಿಡಿ, ಮುಚ್ಚಳ ಇಲ್ಲ. ಬೆಲೆ ಎರಡು ಸಾವಿರದ ಮೇಲೆ ಸ್ವಲ್ಪ. ನಾನು ಇದನ್ನು ಕೊಂಡಿದ್ದು ಮುಖ್ಯವಾಗಿ ಒಂದೇ ಅಡುಗೆಗೆ, ಲೆಮನ್ ಬಟರ್ ಚಿಕನ್‌ಗೆ. ಹಾಗಾಗಿ ಈ ವಿಮರ್ಶೆಯೂ ಆ ಅಡುಗೆಯ ಸುತ್ತಲೇ ಸುತ್ತುತ್ತದೆ. ದೋಸೆ ಹೇಗೆ ಬರುತ್ತೆ ಅಂತ ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ದೋಸೆಗೆ ಇದು ಆಗಲ್ಲ. ಅದಕ್ಕೆ ನಿಮ್ಮ ಹಳೇ ಕಾವಲಿಯನ್ನೇ ಇಟ್ಟುಕೊಳ್ಳಿ.

ಕಂಪನಿ ಹೆಸರು ಹೇಳುತ್ತಿಲ್ಲ. ಹತ್ತಾರು ಕಂಪನಿಗಳು ಇದೇ ಥರದ್ದು ಮಾಡುತ್ತವೆ, ಒಳಗಿನ ಕಥೆ ಹೆಚ್ಚುಕಡಿಮೆ ಒಂದೇ. ಒಳಗೆ ಸ್ಟೀಲ್, ಹೊರಗೆ ಸ್ಟೀಲ್, ಮಧ್ಯೆ ಅಲ್ಯೂಮಿನಿಯಂ. ಬರೀ ಸ್ಟೀಲ್‌ಗೆ ಶಾಖ ಹರಡುವ ಗುಣ ಕಡಿಮೆ. ಮನೆಯಲ್ಲಿರುವ ತೆಳು ಸ್ಟೀಲ್ ಪಾತ್ರೆಯಲ್ಲಿ ಈರುಳ್ಳಿ ಹುರಿದು ನೋಡಿ, ಉರಿ ತಾಗುವ ಜಾಗದಲ್ಲಿ ಸೀದು ಹೋಗುತ್ತೆ, ಅಂಚಿನಲ್ಲಿ ಹಸಿ ಇರುತ್ತೆ. ಮಧ್ಯದ ಅಲ್ಯೂಮಿನಿಯಂ ಆ ಶಾಖವನ್ನು ಅಂಚಿನವರೆಗೂ ಒಯ್ಯುತ್ತದೆ. ಅಡುಗೆಗೆ ತಾಗುವುದು ಮಾತ್ರ ಸ್ಟೀಲ್. ಈ ಕಡೇ ಮಾತು ನಿಂಬೆಹಣ್ಣಿನ ಅಡುಗೆಗೆ ಯಾಕೆ ಮುಖ್ಯ ಅಂತ ಮುಂದೆ ಹೇಳುತ್ತೇನೆ.

ಈಗ ಅಡುಗೆಯ ವಿಷಯ. ನಮ್ಮ ಮನೆಯಲ್ಲಿ ಲೆಮನ್ ಬಟರ್ ಚಿಕನ್ ಅಂತ ಕರೆಯುವುದು ಮೂಲದಲ್ಲಿ ಪಿಕಾಟಾ. ಇಟಲಿಯಲ್ಲಿ ಎಳೆಗರುವಿನ ಮಾಂಸದ ತೆಳು ತುಂಡುಗಳಲ್ಲಿ ಮಾಡುತ್ತಿದ್ದದ್ದು. ಅಮೆರಿಕಕ್ಕೆ ಹೋದ ಇಟಲಿಯವರ ಅಡುಗೆಮನೆಗಳಲ್ಲಿ ಅದು ಕೋಳಿಯ ಅಡುಗೆಯಾಗಿ ಮನೆಮಾತಾಯಿತು. ಕೋಳಿ ಎದೆಯ ಮಾಂಸವನ್ನು ತೆಳ್ಳಗೆ ಮಾಡಿ, ಮೈದಾ ಸವರಿ, ಹುರಿದು ತೆಗೆದು, ಅದೇ ಪ್ಯಾನ್‌ಗೆ ಬಿಳಿ ವೈನ್ ಸುರಿದು, ನಿಂಬೆರಸ, ಬೆಣ್ಣೆ, ಕೇಪರ್ಸ್ (ಒಂದು ಗಿಡದ ಮೊಗ್ಗಿನ ಉಪ್ಪಿನಕಾಯಿ) ಸೇರಿಸಿದರೆ ಸಾಸ್ ರೆಡಿ. ಯಾವ ವಿಡಿಯೋ ನೋಡಿದರೂ ಅರ್ಧ ಲೋಟ ವೈನ್ ಸುರಿದಾಗ ಸುಯ್ ಅನ್ನುವ ಜಾಗ ಒಂದು ಇದ್ದೇ ಇರುತ್ತೆ. ನನ್ನ ಮಗಳು ಒಂಬತ್ತನೇ ಕ್ಲಾಸು, ಮಗ ಎರಡನೇ ಕ್ಲಾಸು. ಅತ್ತೆ ಮದ್ದೂರಿನ ಕಡೆಯವರು. ಅವರು ವಿಡಿಯೋ ನೋಡುತ್ತಾ ಕೂತವರು ಆ ಜಾಗ ಬಂದಾಗ, "ಅದೊಂದು ಬುಟ್ಟು ಬ್ಯಾರೆ ಏನಾರ ಉಯ್ಕೊ ಕಣವ್ವ" ಅಂದರು. ನನಗೂ ಅದೇ ಬೇಕಿತ್ತು.

ಕಾಯಿಸಿದರೆ ಆಲ್ಕೋಹಾಲ್ ಎಲ್ಲಾ ಹಾರಿಹೋಗುತ್ತೆ, ಮಕ್ಕಳಿಗೆ ಕೊಟ್ಟರೂ ಪರವಾಗಿಲ್ಲ ಅಂತ ಜನ ಹೇಳುತ್ತಾರೆ. ಅಷ್ಟು ಸುಲಭವಾಗಿ ಹಾರಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ ಆಲ್ಕೋಹಾಲ್ ಬೆರೆಸಿ 15 ನಿಮಿಷ ಕುದಿಸಿದರೂ ಶೇ 40ರಷ್ಟು ಉಳಿಯುತ್ತದೆ. ಅರ್ಧ ಗಂಟೆಗೆ ಶೇ 35, ಒಂದು ಗಂಟೆಗೆ ಶೇ 25. ಎರಡೂವರೆ ಗಂಟೆ ಕುದಿಸಿದ ಮೇಲೂ ಶೇ 5 ಇರುತ್ತದೆ. ನಮ್ಮ ಈ ಸಾಸ್ ಒಲೆ ಮೇಲಿರುವುದೇ ನಾಲ್ಕೈದು ನಿಮಿಷ. ಇನ್ನು ಲೆಕ್ಕ ನೀವೇ ಹಾಕಿ.

ಹಾಗಿದ್ದರೆ ವೈನ್ ತೆಗೆದ ಜಾಗಕ್ಕೆ ಏನು? ಇಂಟರ್ನೆಟ್ಟಿನಲ್ಲಿ ಸಲಹೆಗಳಿಗೆ ಬರವಿಲ್ಲ. ಬಿಳಿ ದ್ರಾಕ್ಷಿ ಜ್ಯೂಸು, ಸೇಬಿನ ಜ್ಯೂಸು, ಆಲ್ಕೋಹಾಲ್ ತೆಗೆದ ವೈನು. ಡಬ್ಬಿ ಜ್ಯೂಸು ಹಾಕಿದರೆ ಕೋಳಿ ಪಾಯಸದ ಕಡೆಗೆ ತಿರುಗುತ್ತದೆ. ಆಲ್ಕೋಹಾಲ್ ತೆಗೆದ ವೈನಿಗೆ ಸುಮ್ನೆ ದುಡ್ಡು ದಂಡ. ನಿಜವಾಗಿ ನೋಡಿದರೆ ಆ ಅರ್ಧ ಲೋಟ ವೈನ್ ಮಾಡುವ ಮುಖ್ಯ ಕೆಲಸ ಒಂದು: ಕೋಳಿ ಹುರಿದಾಗ ಪ್ಯಾನಿನ ತಳಕ್ಕೆ ಹತ್ತಿದ ಕಂದು ಪದರವನ್ನು ಕರಗಿಸಿ ಬಿಡಿಸುವುದು. ರುಚಿ ಇರುವುದು ಆ ಪದರದಲ್ಲಿ. ಅದನ್ನು ಬಿಡಿಸಲು ಕೋಳಿ ಮೂಳೆ ಬೇಯಿಸಿದ ನೀರಿಗೂ, ಅಂದರೆ ಸ್ಟಾಕಿಗೂ, ಬರುತ್ತೆ. ಹುಳಿಗೆ ನಿಂಬೆ ಇದ್ದೇ ಇದೆ. ಆದರೆ ತಳಕ್ಕೆ ಪದರವೇ ಹತ್ತಿಲ್ಲ ಅಂದರೆ ಬಿಡಿಸುವುದೇನು? ನಾನು ಪ್ಯಾನ್ ಕೊಳ್ಳಲು ಹೊರಟಿದ್ದು ಈ ಕಾರಣಕ್ಕೆ.

ನಾನ್‌ಸ್ಟಿಕ್ ತವಾದಲ್ಲಿ ಹತ್ತಲ್ಲ. ಹತ್ತಬಾರದು ಅಂತಲೇ ಅದನ್ನು ಮಾಡಿರುವುದಲ್ವಾ. ಕೋಳಿ ಚೆನ್ನಾಗಿಯೇ ಬೇಯುತ್ತೆ, ಬಣ್ಣವೂ ಸುಮಾರಾಗಿ ಬರುತ್ತೆ, ತೆಗೆದ ಮೇಲೆ ಕೆಳಗೆ ನೋಡಿದರೆ ಒಂದಿಷ್ಟು ಎಣ್ಣೆ ಬಿಟ್ಟು ಏನೂ ಇಲ್ಲ. ಅದರಲ್ಲಿ ಮಾಡಿದ ಸಾಸ್ ನಿಂಬೆ ಷರಬತ್ತಿಗೆ ಬೆಣ್ಣೆ ಹಾಕಿದ ಹಾಗೆ ಇರುತ್ತದೆ. ಬೀಡು ಕಬ್ಬಿಣದ ಪ್ಯಾನಿನಲ್ಲಿ ಹತ್ತುತ್ತೆ, ಬಣ್ಣವಂತೂ ಇನ್ನೂ ಚೆನ್ನಾಗಿ ಬರುತ್ತೆ. ಆದರೆ ನಿಂಬೆರಸ ಬಿದ್ದ ಕೂಡಲೇ ತಕರಾರು. ಪಳಗಿಸಿ ಪಳಗಿಸಿ ಕಟ್ಟಿದ ಎಣ್ಣೆ ಪದರವನ್ನು ಹುಳಿ ತಿನ್ನುತ್ತದೆ, ಸಾಸಿಗೆ ಕಬ್ಬಿಣದ ವಾಸನೆ ಬರುತ್ತದೆ, ಹಳದಿ ಇರಬೇಕಾದ ಬಣ್ಣ ಬೂದಿಗೆ ತಿರುಗುತ್ತದೆ. ಹಿಂಡಾಲಿಯಂ ಬಾಣಲೆಯದ್ದೂ ಇದೇ ಪಾಡು, ನಿಂಬೆ ಬಿದ್ದರೆ ಬಾಣಲೆ ಒಂದು ಬಣ್ಣ, ಸಾಸ್ ಒಂದು ಬಣ್ಣ. ಇದನ್ನು ಅತ್ತೆಗೆ ವಿವರಿಸಿ ಹೇಳುವ ಕಷ್ಟವೇ ಬರಲಿಲ್ಲ. ಕಲಾಯಿ ಹೋದ ಹಿತ್ತಾಳೆ ಪಾತ್ರೆಗೆ ಹುಣಸೆಹುಳಿ ಹಾಕಬಾರದು ಅಂತ ಅವರು ಹುಟ್ಟಿದಾಗಿನಿಂದ ಕೇಳಿಕೊಂಡು ಬೆಳೆದವರು. "ಹುಳಿಗೆ ಮಡಕೆ, ಇಲ್ಲ ಸ್ಟೀಲು. ಇನ್ನೇನದೆ" ಅಂದರು.

ಸರಿ, ಸ್ಟೀಲು. ಮೊದಲು ಆನ್‌ಲೈನಿನಲ್ಲಿ ತರಿಸಿದೆ. ಬಂದ ಪ್ಯಾನಿನ ತಳ ಸಮ ಇರಲಿಲ್ಲ, ಕಟ್ಟೆ ಮೇಲಿಟ್ಟರೆ ಕುಣಿಯುತ್ತಿತ್ತು. ವಾಪಸ್ ಮಾಡಲು ಹೋದರೆ ಫೋಟೋ ಕಳಿಸಿ ಅಂದರು, ಕಳಿಸಿದೆ. ವಿಡಿಯೋ ಕಳಿಸಿ ಅಂದರು, ಪ್ಯಾನ್ ಕುಣಿಯುವ ವಿಡಿಯೋವನ್ನೂ ಮಾಡಿ ಕಳಿಸಿದೆ. ಆಮೇಲೆ ಮೂಲ ಪೆಟ್ಟಿಗೆ ಇದೆಯಾ, ಅದರ ಮೇಲಿನ ಚೀಟಿ ಇದೆಯಾ ಅಂತ ಶುರುವಾಯಿತು. ದುಡ್ಡು ಬಂತು, ತಡವಾಗಿ ಬಂತು. ಅಂಗಡಿ ಹೆಸರು ಬೇಡ ಬಿಡಿ. ಎರಡನೆಯದನ್ನು ಇಲ್ಲೇ ಮೈಸೂರಿನ ಪಾತ್ರೆ ಅಂಗಡಿಯಲ್ಲಿ, ಕೈಯಲ್ಲಿ ಹಿಡಿದು ನೋಡಿ ತಂದೆ.

ಅಂಗಡಿಯಲ್ಲಿ ಏನು ನೋಡಬೇಕು ಅನ್ನುವುದು ಇಲ್ಲಿ ಹೇಳಲೇಬೇಕಾದ ಮಾತು. ಟ್ರೈಪ್ಲೈ ಅಂತ ಮಾರುವುದರಲ್ಲಿ ಎರಡು ಥರ ಇದೆ. ಒಂದರಲ್ಲಿ ಮೂರು ಪದರ ತಳದಿಂದ ಬಾಯಿಯವರೆಗೆ ಪೂರ್ತಿ ಇರುತ್ತದೆ. ಇನ್ನೊಂದರಲ್ಲಿ ಮಾಮೂಲಿ ಸ್ಟೀಲ್ ಪಾತ್ರೆಯ ತಳಕ್ಕೆ ಒಂದು ದಪ್ಪ ಬಿಲ್ಲೆ ಅಂಟಿಸಿರುತ್ತಾರೆ. ಮಗುಚಿ ನೋಡಿದರೆ ತಳದ ಸುತ್ತ ಬಿಲ್ಲೆಯ ಅಂಚು ಉಂಗುರದ ಹಾಗೆ ಕಾಣುತ್ತೆ. ಎರಡನೆಯದು ಬೆಲೆ ಕಡಿಮೆ, ಸಾರು ಕುದಿಸಲು ಸಾಕು. ಹುರಿಯುವ ಪ್ಯಾನ್‌ಗೆ ಮೊದಲನೆಯದೇ ಬೇಕು, ಇಲ್ಲದಿದ್ದರೆ ಬಿಲ್ಲೆ ಮುಗಿಯುವ ಗೆರೆಯ ಮೇಲೆ ಸಾಸ್ ಸೀಯುತ್ತದೆ. ಪಾಲಿಶ್ ಮಾಡದ ಬಾಯಂಚು ಇದ್ದರೆ ಅಲ್ಲಿ ಮೂರು ಪದರದ ಗೆರೆ ಕಣ್ಣಿಗೇ ಕಾಣುತ್ತದೆ. ಇಂಡಕ್ಷನ್ ಒಲೆ ಇರುವವರು ಒಂದು ಅಯಸ್ಕಾಂತ ತಗೊಂಡು ಹೋಗಿ, ಹೊರಗಿನ ಸ್ಟೀಲಿಗೆ ಅದು ಕಚ್ಚಿಕೊಳ್ಳಬೇಕು. ಐಎಸ್‌ಐ ಗುರುತನ್ನೂ ನೋಡಿ. ಸ್ಟೀಲ್ ಪಾತ್ರೆಗಳಿಗೆ ಅದು ಕಡ್ಡಾಯ ಅಂತ 2024ರಲ್ಲಿ ಕೇಂದ್ರ ಸರ್ಕಾರದ ಆದೇಶ ಬಂದಿದೆ. ಅಂಗಡಿಯ ಗಾಜಿನ ಮೇಜಿನ ಮೇಲೆ ಪ್ಯಾನ್ ಇಟ್ಟು ಒಂದು ಕಡೆ ಬೆರಳಿನಿಂದ ಒತ್ತಿ ನೋಡಿ. ಅಲ್ಲಾಡಿದರೆ ಬೇಡ ಅನ್ನಿ. ಅಂಗಡಿಯವರು ಒಂದು ಥರ ನೋಡುತ್ತಾರೆ, ನೋಡಲಿ.

ಈಗ ಒಲೆ ಹಚ್ಚೋಣ.

ಸ್ಟೀಲ್ ಪ್ಯಾನಿಗೆ ಕೋಳಿ ಅಂಟಿಕೊಂಡು ಹರಿದುಹೋಗುತ್ತೆ ಅನ್ನುವುದು ಎಲ್ಲರ ದೂರು. ಅಂಟುವುದು ಎರಡು ಕಾರಣಕ್ಕೆ: ಪ್ಯಾನ್ ಕಾದಿರಲ್ಲ, ಇಲ್ಲ ಮಾಂಸ ಒದ್ದೆ ಇರುತ್ತೆ. ಖಾಲಿ ಪ್ಯಾನನ್ನು ಮಧ್ಯಮ ಉರಿಯಲ್ಲಿ ಎರಡು ಮೂರು ನಿಮಿಷ ಇಡಿ. ಬೆರಳ ತುದಿಯಿಂದ ಒಂದು ಹನಿ ನೀರು ಚಿಮುಕಿಸಿ. ಚುರ್ ಅಂದು ಆವಿಯಾದರೆ ಇನ್ನೂ ಕಾಯಬೇಕು. ಹನಿ ಒಡೆಯದೆ ಗೋಲಿಯಾಗಿ ತಳದ ಮೇಲೆ ಓಡಾಡಿದರೆ ಸರಿಯಾದ ಹದ. ಹನಿಯ ಕೆಳಗೆ ಅದರದ್ದೇ ಆವಿಯ ಪದರ ಕಟ್ಟಿಕೊಂಡು ಅದು ತೇಲುತ್ತಿರುತ್ತದೆ. ಮಗನಿಗೆ ಈ ಓಡಾಟ ನೋಡುವುದೇ ಆಟ. ಊಟಕ್ಕಿಂತ ಜಾಸ್ತಿ ಇದಕ್ಕೇ ಅಡುಗೆಮನೆಗೆ ಬರುತ್ತಾನೆ. ಹನಿ ಓಡಿದ ಮೇಲೆ ಉರಿ ತಗ್ಗಿಸಿ ಒಂದೂವರೆ ಚಮಚ ಎಣ್ಣೆ ಹಾಕಿ. ಕಡಲೆಕಾಯಿ ಎಣ್ಣೆ ಆಗುತ್ತೆ, ಸೂರ್ಯಕಾಂತಿ ಆಗುತ್ತೆ. ಈ ಹಂತದಲ್ಲಿ ಬೆಣ್ಣೆ ಬೇಡ, ಇಷ್ಟು ಬಿಸಿಗೆ ಅದು ಕಪ್ಪಾಗಿಬಿಡುತ್ತೆ.

ಕೋಳಿ ನಾಲ್ಕೈದು ಜನಕ್ಕೆ ಅರ್ಧ ಕೇಜಿಗಿಂತ ಸ್ವಲ್ಪ ಜಾಸ್ತಿ, ಎದೆಯ ಬೋನ್‌ಲೆಸ್. ಅಂಗಡಿಯವನಿಗೆ ತುಂಡು ಮಾಡಬೇಡಿ, ಇಡೀ ಕೊಡಿ ಅಂತ ಹೇಳಬೇಕು. ಹೇಳದಿದ್ದರೆ ಅಭ್ಯಾಸಬಲದ ಮೇಲೆ ಕಬಾಬ್ ತುಂಡು ಮಾಡಿ ಕೊಡುತ್ತಾರೆ. ಮೂಳೆಯನ್ನೂ ಕೇಳಿ ತಗೊಳ್ಳಿ, ಸ್ಟಾಕಿಗೆ ಬೇಕು. ನಾಟಿ ಕೋಳಿ ಇದಕ್ಕೆ ಬೇಡವೇ ಬೇಡ. ಅದು ಸಾರಿಗೆ ಹುಟ್ಟಿದ್ದು, ಐದು ನಿಮಿಷದಲ್ಲಿ ಬೇಯಿಸಿದರೆ ರಬ್ಬರು. ಎದೆಯನ್ನು ಅಡ್ಡಕ್ಕೆ ಸೀಳಿ, ಪ್ಲಾಸ್ಟಿಕ್ ಹಾಳೆಯ ಮಧ್ಯೆ ಇಟ್ಟು ಲಟ್ಟಣಿಗೆಯಿಂದ ತಟ್ಟಿ ಅರ್ಧ ಇಂಚಿಗೆ ತನ್ನಿ. ಒಂದೇ ದಪ್ಪ ಬರುವುದು ಮುಖ್ಯ.

ತೊಳೆಯುವ ವಿಷಯಕ್ಕೆ ನಮ್ಮ ಮನೆಯಲ್ಲಿ ಎರಡು ಪಕ್ಷ. ಹಸಿ ಕೋಳಿಯನ್ನು ನಲ್ಲಿ ಕೆಳಗೆ ತೊಳೆದರೆ ಸಿಡಿದ ನೀರಿನ ಜೊತೆ ಕ್ರಿಮಿ ಸಿಂಕಿಗೆಲ್ಲ ಹರಡುತ್ತವೆ, ಬೇಯಿಸಿದರೆ ಹೇಗೂ ಸಾಯುತ್ತವೆ ಅನ್ನುವುದು ನನ್ನ ಪಕ್ಷ. ಅರಿಸಿನ ಹಾಕಿ ತೊಳೆಯದ ಕೋಳಿಯನ್ನು ಅತ್ತೆ ಮುಟ್ಟಲ್ಲ. ಹಾಗಾಗಿ ಪಾತ್ರೆಯಲ್ಲಿ ನೀರು ಹಾಕಿ ಸಿಡಿಯದ ಹಾಗೆ ತೊಳೆಯುವುದು ಅಂತ ರಾಜಿ ಆಗಿದೆ. ಹೇಗೆ ತೊಳೆದರೂ ಆಮೇಲೆ ಹಳೇ ಹತ್ತಿ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಿ ಒಣಗಿಸಬೇಕು, ಆ ಬಟ್ಟೆಯನ್ನು ಬಿಸಾಕಬೇಕು. ಉಪ್ಪು, ಕುಟ್ಟಿದ ಮೆಣಸು ಸವರಿ, ಮೈದಾದಲ್ಲಿ ಹೊರಳಿಸಿ, ಜಾಸ್ತಿ ಹಿಟ್ಟನ್ನು ಕೊಡವಿ. ಈ ಹಿಟ್ಟೇ ಆಮೇಲೆ ಸಾಸನ್ನು ಸ್ವಲ್ಪ ಗಟ್ಟಿ ಮಾಡುವುದು.

ಪ್ಯಾನಿಗೆ ಇಟ್ಟ ಮೇಲೆ ಕೈ ಕಟ್ಟಿಕೊಂಡು ನಿಲ್ಲಬೇಕು. ಕೋಳಿ ಮೊದಲು ಅಂಟುತ್ತದೆ. ಚಮಚ ತೂರಿಸಲು ಹೋದರೆ ಮೈದಾ ತಳದಲ್ಲೇ ಉಳಿದು ಮಾಂಸ ಬೋಳಾಗಿ ಬರುತ್ತದೆ. ಮೂರು ನಾಲ್ಕು ನಿಮಿಷ ಬಿಟ್ಟರೆ ಕೆಳಗೆ ಕಂದುಗಟ್ಟಿ ತಾನಾಗಿಯೇ ಬಿಡುತ್ತದೆ, ಪ್ಯಾನ್ ಅಲ್ಲಾಡಿಸಿದರೆ ತುಂಡು ಜಾರುತ್ತದೆ. ಆಗ ತಿರುವಿ. ಇನ್ನೊಂದು ಬದಿಗೆ ಇನ್ನೂ ಕಡಿಮೆ ಹೊತ್ತು. ಥರ್ಮಾಮೀಟರ್ ಇದ್ದರೆ ದಪ್ಪ ಜಾಗದಲ್ಲಿ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. 26 ಸೆಂಟಿಮೀಟರಿನ ಪ್ಯಾನಿನಲ್ಲಿ ಮೂರು ತುಂಡಿಗಿಂತ ಜಾಸ್ತಿ ಬೇಡ. ತುಂಬಿದರೆ ನೀರು ಬಿಟ್ಟುಕೊಂಡು ಬೆಂದು ಬಿಳಿಚಿಕೊಳ್ಳುತ್ತೆ. ಎರಡು ಸರದಿಯಲ್ಲಿ ಮಾಡಿ.

ತುಂಡುಗಳನ್ನು ತೆಗೆದ ಮೇಲೆ ತಳ ನೋಡಿ. ಜೇನಿನ ಬಣ್ಣದಿಂದ ಕಾಫಿ ಬಣ್ಣದವರೆಗೆ ಚುಕ್ಕೆ, ಗೆರೆ, ಪದರ. ಈ ಪ್ಯಾನಿಗೆ ನಾನು ಕೊಟ್ಟ ದುಡ್ಡು ಇದಕ್ಕೇ. ಕಪ್ಪಾಗಿದ್ದರೆ ಉರಿ ಜಾಸ್ತಿಯಾಗಿದೆ ಅಂತ, ಅಂಥದ್ದರಲ್ಲಿ ಸಾಸ್ ಮಾಡಬೇಡಿ, ಕಹಿ ಬರುತ್ತೆ. ಕಂದಾಗಿದ್ದರೆ ಉರಿ ತಗ್ಗಿಸಿ, ಸಣ್ಣ ಚಮಚ ಬೆಣ್ಣೆ, ಸಣ್ಣಗೆ ಹೆಚ್ಚಿದ ನಾಲ್ಕು ಎಸಳು ಬೆಳ್ಳುಳ್ಳಿ. ಘಮ ಬಂದ ಕೂಡಲೇ ಒಂದು ಲೋಟ ಸ್ಟಾಕ್ ಸುರಿಯಿರಿ. ವೈನ್ ಸುರಿದಾಗ ಬರುವ ಅದೇ ಸುಯ್ ಇಲ್ಲೂ ಬರುತ್ತೆ, ಅದು ಬಿಸಿ ಪ್ಯಾನಿನ ಸದ್ದು. ಮರದ ಸೌಟಿನ ಚಪ್ಪಟೆ ತುದಿಯಿಂದ ತಳ ಕೆರೆದರೆ ಪದರ ಪೂರ್ತಿ ಎದ್ದು ಬರುತ್ತೆ, ನೀರಿನಂತಿದ್ದ ಸ್ಟಾಕ್ ಒಂದು ನಿಮಿಷದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಅರ್ಧಕ್ಕೆ ಬತ್ತಿಸಿ.

ಸ್ಟಾಕ್ ಮನೆಯದ್ದೇ ಇರಲಿ. ಮೂಳೆ, ಅರ್ಧ ಈರುಳ್ಳಿ, ಹತ್ತು ಕಾಳು ಮೆಣಸು, ಮುಳುಗುವಷ್ಟು ನೀರು, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಉಪ್ಪು ಹಾಕಬೇಡಿ. ಅಂಗಡಿಯ ಕ್ಯೂಬಿನಲ್ಲಿ ಉಪ್ಪೇ ಜಾಸ್ತಿ, ಬತ್ತಿಸಿದ ಮೇಲೆ ಬಾಯಿಗಿಡಲು ಆಗಲ್ಲ. ವೈನಿನಲ್ಲಿ ಒಂದು ಸಣ್ಣ ಸಿಹಿಯೂ ಇರುತ್ತಲ್ಲ, ಅದರ ಬದಲಿಗೆ ಎರಡು ಚಿಟಿಕೆ ಸಕ್ಕರೆ ಸಾಕು.

ನಿಂಬೆ ಕಡೆಗೆ ಬರೋಣ. ವಿದೇಶಿ ವಿಡಿಯೋಗಳಲ್ಲಿ ಕಾಣುವ ದೊಡ್ಡ ಹಳದಿ ಹಣ್ಣು ಬೇರೆ, ನಮ್ಮದು ಬೇರೆ. ನಮ್ಮ ಸಂತೆಯ ನಿಂಬೆ ಸಣ್ಣದು, ಸಿಪ್ಪೆ ತೆಳು, ಹುಳಿ ಚುರುಕು. ವಿಜಯಪುರ ಜಿಲ್ಲೆಯ ಇಂಡಿ ಕಡೆಯ ನಿಂಬೆಗೆ ಈಗ ಜಿಐ (ಇಂಥ ಊರಿನದ್ದೇ ಅನ್ನುವ ಭೌಗೋಳಿಕ ಗುರುತು) ಮಾನ್ಯತೆಯೂ ಇದೆ, ಅಂಥ ಹಣ್ಣು ಸಿಕ್ಕರೆ ಒಂದೂವರೆ ಹಣ್ಣಿನ ರಸ ಈ ಅಳತೆಗೆ ಸಾಕು. ಅವರು ಎರಡು ಹಣ್ಣು ಹಾಕಿದರು ಅಂತ ನಾವೂ ಹಾಕಿದರೆ ಹಲ್ಲು ಜುಮ್ ಅನ್ನುತ್ತೆ. ಸಿಪ್ಪೆ ತುರಿಯುವಾಗ ಮೇಲಿನ ಬಣ್ಣ ಮಾತ್ರ, ಒಳಗಿನ ಬಿಳಿ ಬಂದರೆ ಕಹಿ. ಹೇರಳೆಕಾಯಿಯಲ್ಲಿ ಮಾಡಬಹುದಾ ಅಂತ ನನ್ನ ತಂಗಿ ಕೇಳಿದಳು. ಅದು ಚಿತ್ರಾನ್ನಕ್ಕೇ ಇರಲಿ, ಅದರ ಕಹಿಗೆ ಬೆಣ್ಣೆ ಹೊಂದಲ್ಲ. ರಸ ಹಿಂಡುವುದು ಕೊನೆಯಲ್ಲಿ, ಒಲೆ ಆರಿಸುವ ಮುಂಚೆ. ಕುದಿಸಿದರೆ ಘಮ ಹೋಗಿ ಬರೀ ಹುಳಿ ಉಳಿಯುತ್ತದೆ. ನಾವು ಸಾರಿಗೆ, ಉಪ್ಪಿಟ್ಟಿಗೆ ಒಲೆಯಿಂದ ಇಳಿಸಿ ತಾನೇ ನಿಂಬೆ ಹಿಂಡುವುದು?

ಬೆಣ್ಣೆ ಫ್ರಿಜ್ಜಿನಿಂದ ಆಗ ತಾನೇ ತೆಗೆದದ್ದು ಇರಬೇಕು. 50 ಗ್ರಾಂ, ಉಪ್ಪಿಲ್ಲದ್ದು. ನಾನು ನಂದಿನಿಯ ಉಪ್ಪಿಲ್ಲದ ಬೆಣ್ಣೆ ತರುತ್ತೇನೆ. ಒಲೆ ಆರಿಸಿ, ಬೆಣ್ಣೆಯನ್ನು ಸಣ್ಣ ತುಂಡು ಮಾಡಿ ಒಂದೊಂದಾಗಿ ಹಾಕುತ್ತಾ ಪ್ಯಾನನ್ನು ಹಿಡಿ ಹಿಡಿದು ತಿರುಗಿಸುತ್ತಾ ಇರಿ. ಕರಗಿದ ಬೆಣ್ಣೆ ಸಾಸಿನ ಜೊತೆ ಬೆರೆತು ತೆಳು ಕೆನೆಯ ಹಾಗೆ ಹೊಳೆಯುತ್ತದೆ. ಅದನ್ನು ಮತ್ತೆ ಕುದಿಸಿದಿರೋ, ಒಡೆದು ಎಣ್ಣೆ ಮೇಲೆ ತೇಲುತ್ತೆ. ಟ್ರೈಪ್ಲೈ ಪ್ಯಾನ್ ಇಲ್ಲಿ ಒಂದು ತೊಂದರೆ ಕೊಡುತ್ತದೆ. ಒಲೆ ಆರಿಸಿದ ಮೇಲೂ ಅದರ ಶಾಖ ಬೇಗ ಇಳಿಯಲ್ಲ. ಅದಕ್ಕೆ ಬೆಣ್ಣೆ ಹಾಕುವ ಮುಂಚೆ ಒಲೆಯಿಂದ ಎತ್ತಿ ಕಟ್ಟೆ ಮೇಲಿಟ್ಟು ಅರ್ಧ ನಿಮಿಷ ಬಿಡುತ್ತೇನೆ. ತುಪ್ಪ ಹಾಕಿದರೆ ಈ ಕೆಲಸ ಆಗಲ್ಲ, ಅದರಲ್ಲಿ ನೀರಿನಂಶವೂ ಹಾಲಿನ ಅಂಶವೂ ಇಲ್ಲದ್ದರಿಂದ ಸಾಸಿನ ಜೊತೆ ಬೆರೆಯದೆ ಬೇರೆಯಾಗಿಯೇ ನಿಲ್ಲುತ್ತದೆ. ಊರಿಂದ ಬಂದ ಮಜ್ಜಿಗೆ ಕಡೆದ ಬೆಣ್ಣೆ ಇದ್ದರೆ? ಬಳಸಿ. ಸಣ್ಣ ಹುಳಿ ಇರುತ್ತೆ ನೋಡಿ, ವೈನ್ ಬಿಟ್ಟು ಹೋದ ಜಾಗದಲ್ಲಿ ಅದು ಸರಿಯಾಗಿ ಕೂರುತ್ತದೆ. ನನ್ನ ಕೇಳಿದರೆ ಪ್ಯಾಕೆಟ್ ಬೆಣ್ಣೆಗಿಂತ ಅದೇ ಮೇಲು, ಆದರೆ ನೀರು ಜಾಸ್ತಿ ಇರುವುದರಿಂದ ಸಾಸನ್ನು ಇನ್ನೂ ಸ್ವಲ್ಪ ಬತ್ತಿಸಿಕೊಂಡಿರಬೇಕು.

ಕೇಪರ್ಸ್ ಸೂಪರ್ ಮಾರ್ಕೆಟ್ಟಿನಲ್ಲಿ ಸಣ್ಣ ಬಾಟಲಿಯಲ್ಲಿ ಸಿಗುತ್ತೆ, ಬೆಲೆ ನೋಡಿದರೆ ತಿನ್ನಲು ಮನಸ್ಸು ಬರಲ್ಲ. ಅದರ ಬದಲು ನಿಂಬೆರಸ, ಉಪ್ಪಿನಲ್ಲಿ ಹಾಕಿಟ್ಟ ಹಸಿ ಕಾಳುಮೆಣಸು ಬಳಸುತ್ತೇನೆ. ಮಲೆನಾಡಿನ ಕಡೆಯವರು ಯಾರಾದರೂ ಗೊತ್ತಿದ್ದರೆ ಒಂದು ಬಾಟಲಿ ಕೇಳಿ ಇಸಿದುಕೊಳ್ಳಿ. ಒಂದು ಚಮಚ ಕಾಳನ್ನು ಸೌಟಿನಿಂದ ಸ್ವಲ್ಪ ಜಜ್ಜಿ ಸಾಸಿಗೆ ಹಾಕಿದರೆ ಉಪ್ಪು, ಹುಳಿ, ಖಾರ ಮೂರೂ ಒಟ್ಟಿಗೆ ಸಿಗುತ್ತೆ. ಇದು ಕೇಪರ್ಸ್ ರುಚಿ ಅಲ್ಲ. ಅದಕ್ಕಿಂತ ಚೆನ್ನಾಗಿದೆ ಅನ್ನುವುದು ನನ್ನ ಪಕ್ಷಪಾತ. ಮಗನ ತಟ್ಟೆಗೆ ಕಾಳಿಲ್ಲದ ಸಾಸ್ ಮೊದಲೇ ತೆಗೆದಿಡುತ್ತೇನೆ. ಕೊನೆಗೆ ಕೋಳಿಯನ್ನು ಸಾಸಿಗೆ ವಾಪಸ್ ಹಾಕಿ, ಮೇಲೆ ಕೊತ್ತಂಬರಿ ಸೊಪ್ಪು. ಪಾರ್ಸ್ಲಿ ಹುಡುಕಿಕೊಂಡು ಹೋಗಬೇಡಿ.

ಮನೆಯವರ ತೀರ್ಪು ಹೀಗಿದೆ. ಮಗಳು ಪಾಸ್ತಾ ಜೊತೆ ತಿನ್ನುತ್ತಾಳೆ. ಮಗ ಬ್ರೆಡ್ಡಿನಲ್ಲಿ ತಟ್ಟೆ ಒರೆಸುತ್ತಾನೆ, ಕೋಳಿ ಕೊನೆಗೆ. ಯಜಮಾನರು ಇನ್ನೊಂದು ತುಂಡು ಇದೆಯಾ ಅಂತ ಕೇಳುವುದು ಬಿಟ್ಟರೆ ಮಾತಾಡಲ್ಲ. ಅತ್ತೆ ಮೊದಲ ತುತ್ತಿಗೆ, "ಬಾಣ್ತಿ ಸಾರಂಗದೆ ಕಣವ್ವ, ಮೆಣಸು ಬೆಳ್ಳುಳ್ಳಿ ವಾಸ್ನೆ" ಅಂದರು. ಎರಡನೇ ಸಲ ಬಡಿಸಿಕೊಂಡ ಮೇಲೆ ಪೂರ್ತಿ ತೀರ್ಪು ಬಂತು: "ಮುದ್ದೆಗೆ ಆಗಕ್ಕಿಲ್ಲ. ಅನ್ನಕ್ಕೆ ಆಯ್ತದೆ." ನಿಜ, ಬಿಸಿ ಸೋನಾ ಮಸೂರಿ ಅನ್ನಕ್ಕೆ ಈ ಸಾಸ್ ಹಾಕಿಕೊಂಡು ತಿಂದರೆ ಪಾಸ್ತಾ ನೆನಪಾಗಲ್ಲ.

ಮತ್ತೆ ಪ್ಯಾನಿಗೆ. ತೊಳೆಯುವುದು ನಾನು ಹೆದರಿದ್ದಕ್ಕಿಂತ ಸುಲಭ. ಸ್ಟಾಕ್ ಸುರಿದು ಕೆರೆದಾಗಲೇ ತಳ ಮುಕ್ಕಾಲು ಭಾಗ ಸ್ವಚ್ಛ ಆಗಿರುತ್ತೆ. ಉಳಿದದ್ದಕ್ಕೆ ಬಿಸಿನೀರು, ಸೋಪು, ಸ್ಕ್ರಬ್ಬರ್. ಜಾಸ್ತಿ ಸೀದಿದ್ದರೆ ನೀರು, ಒಂದು ಚಮಚ ಅಡುಗೆ ಸೋಡಾ ಹಾಕಿ ಕುದಿಸಿದರೆ ಬಿಡುತ್ತದೆ. ಆದರೆ ಮೊದಲ ದಿನದ ಹೊಳಪು ಉಳಿಯುತ್ತೆ ಅಂತ ಯಾರೂ ತಿಳಿಯಬೇಡಿ. ಜಾಸ್ತಿ ಕಾಯಿಸಿದರೆ ತಳದಲ್ಲಿ ನೀಲಿ, ನೇರಳೆ ಬಣ್ಣದ ಛಾಯೆ ಬರುತ್ತೆ, ಬೋರ್‌ವೆಲ್ ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಟ್ಟರೆ ಬಿಳಿ ಕಲೆ. ಎರಡಕ್ಕೂ ಹಿಂಡಿದ ನಿಂಬೆ ಸಿಪ್ಪೆಯೇ ಮದ್ದು, ಹೇಗೂ ಈ ಅಡುಗೆ ಮಾಡಿದ ದಿನ ಸಿಂಕಿನ ಪಕ್ಕದಲ್ಲಿ ಬಿದ್ದಿರುತ್ತೆ. ಹೊರಗಿನ ತಳಕ್ಕೆ ಎಣ್ಣೆ ಇಳಿದು ಕಟ್ಟಿದ ಹಳದಿ ಗಂಟುಗಳು ಮಾತ್ರ ಯಾವುದಕ್ಕೂ ಬಗ್ಗುತ್ತಿಲ್ಲ. ನಾನೂ ಬಿಟ್ಟಿದ್ದೇನೆ.

ಇಷ್ಟವಾಗದ್ದೂ ಇದೆ. ಹಿಡಿ ಕೂರಿಸಿದ ಒಳಗಿನ ರಿವೆಟ್‌ಗಳ ಸುತ್ತ ಮೈದಾ, ಜಿಡ್ಡು ಸೇರಿಕೊಂಡು ಹಳೇ ಟೂತ್‌ಬ್ರಷ್ ಇಲ್ಲದೆ ಬರಲ್ಲ. ಹಿಡಿ ತಂಪಾಗಿರುತ್ತೆ ಅಂತ ಪೆಟ್ಟಿಗೆ ಮೇಲೆ ಬರೆದಿದ್ದಾರೆ. ಸಣ್ಣ ಉರಿಯಲ್ಲಿ ನಿಜ, ಹತ್ತು ನಿಮಿಷ ಮಧ್ಯಮ ಉರಿಯಲ್ಲಿದ್ದರೆ ಬುಡದ ಅರ್ಧ ಬಟ್ಟೆ ಇಲ್ಲದೆ ಮುಟ್ಟಲಾಗಲ್ಲ. ಭಾರವೂ ಇದೆ. ಸಾಸ್ ಸಮೇತ ಒಂದೇ ಕೈಯಲ್ಲಿ ಎತ್ತಿ ಬಗ್ಗಿಸುವುದು ಅತ್ತೆಗೆ ಆಗಲ್ಲ, ನನಗೂ ಮಣಿಕಟ್ಟು ನೋಯುತ್ತೆ. ಹಿಡಿಯ ಎದುರು ಬದಿಗೆ ಒಂದು ಕಿವಿ ಇಟ್ಟಿದ್ದರೆ ಎರಡು ಕೈಯಲ್ಲಿ ಎತ್ತಬಹುದಿತ್ತು. ಗ್ಯಾಸ್ ಒಲೆಯ ಸಣ್ಣ ಬರ್ನರ್ ಮೇಲೆ ಹಿಡಿಯ ಭಾರಕ್ಕೆ ಪ್ಯಾನ್ ಒಂದು ಕಡೆ ವಾಲುತ್ತದೆ, ದೊಡ್ಡ ಬರ್ನರಿಗೇ ಇಡಬೇಕು. ಬಾಯಂಚಿಗೆ ಸುರಿಯುವ ಮಡಿಕೆ ಇಲ್ಲದೆ ಸಾಸ್ ಹೊರಮೈಗೆ ಇಳಿಯುತ್ತೆ. ಬಾಯಂಚು ಹೊರಗೆ ಸ್ವಲ್ಪ ಬಾಗಿರುವುದನ್ನು ಹುಡುಕಿ, ಸಿಗುತ್ತವೆ.

ಯಾರಿಗೆ ಬೇಡ? ಮೊಟ್ಟೆ, ದೋಸೆ, ಪನೀರ್ ಮಾತ್ರ ಮಾಡುವವರಿಗೆ ಬೇಡ. ಒಲೆ ಮೇಲಿಟ್ಟು ಬೇರೆ ಕೆಲಸಕ್ಕೆ ಹೋಗುವ ಅಭ್ಯಾಸ ಇರುವವರಿಗೂ ಬೇಡ, ಇದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವ ಪ್ಯಾನು. ಕೋಳಿ, ಮೀನು, ಅಣಬೆ ಹುರಿದು ಅದರಲ್ಲೇ ಗೊಜ್ಜು ಮಾಡುವವರು ತಗೊಳ್ಳಿ. ಬಂಗುಡೆಯನ್ನೂ ಇದರಲ್ಲಿ ಹುರಿದು ನೋಡಿದ್ದೇನೆ, ಚರ್ಮ ಹರಿಯದೆ ಬಂತು, ಹನಿ ನೀರಿನ ಪರೀಕ್ಷೆ ಮಾಡಿದ್ದರೆ ಮಾತ್ರ.

ಐದರಲ್ಲಿ ನಾಲ್ಕು ನಕ್ಷತ್ರ. ಒಂದು ಕಡಿಮೆ ಆಗಿದ್ದು ಆ ಇಲ್ಲದ ಕಿವಿಗೆ. 24 ಸೆಂಟಿಮೀಟರಿನದ್ದು ಮುನ್ನೂರು ನಾನೂರು ರೂಪಾಯಿ ಕಡಿಮೆ ಇತ್ತು, ಇಬ್ಬರೇ ಇರುವ ಮನೆಗೆ ಅದು ಸಾಕು. ನಾಲ್ಕು ಜನ ಇದ್ದರೆ 26 ಇಲ್ಲವೇ 28 ನೋಡಿ. ಮುಚ್ಚಳವನ್ನು ಬೇರೆಯಾಗಿ ಮಾರಲು ಅಂಗಡಿಯವರು ಬಹಳ ಒತ್ತಾಯ ಮಾಡುತ್ತಾರೆ, ಅದಕ್ಕೆ ದುಡ್ಡು ಹಾಕಬೇಡಿ. ಈ ಅಡುಗೆಗೆ ಮುಚ್ಚಳ ಬೇಕಾಗಲ್ಲ, ಬೇಕಾದ ದಿನ ದೊಡ್ಡ ಊಟದ ತಟ್ಟೆ ಕವುಚಿದರೆ ಆಯಿತು.